ಅತಿಥಿ ನಕ್ಷತ್ರವೂ ಅಮೃತಾಪುರದ ಶಾಸನವೂ



ಕಳೆದ ಮಾರ್ಗಶಿರದಲ್ಲಿ ಬಂಧುಗಳ ಮನೆಯ ಕಾರ್ಯಕ್ಕೆಂದು ಅಜ್ಜಂಪುರಕ್ಕೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಅಮೃತಮಹಲ್ ಕಾವಲಿನ ಕಡೆಗೆ ಸ್ವಲ್ಪ ದೂರ ನಡೆದೆ. ಮೋಡವಿಲ್ಲದ ಆಕಾಶ, ದೀಪಗಳಿಲ್ಲದ ಬಯಲು. ಪೂರ್ವದಲ್ಲಿ ಮಹಾವ್ಯಾಧ ನಕ್ಷತ್ರಪುಂಜ ಮೇಲೇರಿತ್ತು. ಅವನ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ಮಂಜಿನ ಹನಿಯಂತೆ ಮಸುಕಾದ ಒಂದು ಚುಕ್ಕೆ ಕಾಣುತ್ತದೆ. ಅದೇ ಮಹಾವ್ಯಾಧದ ನೀಹಾರಿಕೆ. ಸುಮಾರು 1,350 ಜ್ಯೋತಿರ್ವರ್ಷಗಳ ದೂರದಲ್ಲಿರುವ ಆ ಅನಿಲ ಮತ್ತು ಧೂಳಿನ ಮೋಡದಲ್ಲಿ ಇಂದಿಗೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಅದನ್ನು ನೋಡುತ್ತಾ ನಿಂತಾಗ, ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ಸಾಲ ನೆನಪಾಯಿತು. ಅದನ್ನು ತೀರಿಸುವುದಕ್ಕಾಗಿಯೇ ಈ ಲೇಖನ.

1990ರ ದಶಕದ ಮಾತು. ಹತ್ತನೆಯ ತರಗತಿಗೆ ನಕ್ಷತ್ರಗಳ ಹುಟ್ಟು ಸಾವಿನ ಪಾಠ ಮಾಡುತ್ತಿದ್ದೆ. ಕ್ರಿ.ಶ. 1054ರ ಜುಲೈ 4ರಂದು ಚೀನಾದ ಸಾಂಗ್ ಅರಸರ ಆಸ್ಥಾನದ ಜ್ಯೋತಿಷಿಗಳು ವೃಷಭ ರಾಶಿಯಲ್ಲಿ ಹೊಸದೊಂದು ನಕ್ಷತ್ರವನ್ನು ಕಂಡು ಅದನ್ನು 'ಅತಿಥಿ ನಕ್ಷತ್ರ'ವೆಂದು ಬರೆದಿಟ್ಟರು. ಅದು 23 ದಿನಗಳ ಕಾಲ ಹಗಲಿನಲ್ಲಿಯೂ ಕಾಣುತ್ತಿತ್ತು. ರಾತ್ರಿಯಲ್ಲಿ 1056ರ ಏಪ್ರಿಲ್‌ವರೆಗೂ ಕಂಡು ಮರೆಯಾಯಿತು. ಇಂದು ಅದೇ ಸ್ಥಳದಲ್ಲಿ ಏಡಿ ನೀಹಾರಿಕೆ ಇದೆ ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅದನ್ನ ನಮ್ಮೋರು ಯಾರೂ ನೋಡ್ಲಿಲ್ವಾ?" ಎಂದು ಕೇಳಿದ.

ನನಗೆ ಉತ್ತರ ಗೊತ್ತಿರಲಿಲ್ಲ. ಆದರೂ, "ನೋಡದೆ ಇರುತ್ತಾರೆಯೇ? ನಮ್ಮ ಶಾಸನಗಳಲ್ಲೂ ಬರೆದಿದ್ದಾರೆ" ಎಂದುಬಿಟ್ಟೆ. ಅದೇ ವರ್ಷ ಅಮೃತಾಪುರಕ್ಕೆ ಪ್ರವಾಸ ಹೋದಾಗ ಆ ಹುಡುಗ ದೇವಾಲಯದ ಮುಂದಿನ ಶಾಸನದ ಎದುರು ನಿಂತು, "ಯಾವ ಸಾಲಿನಲ್ಲಿದೆ ಸಾರ್?" ಎಂದ. "ಅಕ್ಷರ ಸವೆದುಹೋಗಿದೆಯಪ್ಪಾ" ಎಂದೆ. ಅವನು ನಂಬಿದ. ಅವನು ನಂಬಿದ್ದೇ ನನ್ನನ್ನು ಇಷ್ಟು ವರ್ಷ ಕಾಡಿತು.

ನಿವೃತ್ತಿಯ ನಂತರ ಬಿಡುವು ದೊರೆಯಿತು. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯ, ಎಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ, ಶಾಸನಗಳಿಗೆ ಮೀಸಲಾದುದು. ಅದನ್ನು ಹಿಡಿದು ಕುಳಿತೆ. ದಾನಗಳಿವೆ, ಕೆರೆ ಕಟ್ಟಿಸಿದ ಸಂಗತಿಗಳಿವೆ, ತುರುಗಾಳಗದಲ್ಲಿ ಮಡಿದ ವೀರರಿದ್ದಾರೆ. ಆಕಾಶವೂ ಅಲ್ಲಿದೆ, ಆದರೆ ಅದು ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಮಣಗಳ ರೂಪದಲ್ಲಿದೆ. ಅತಿಥಿ ನಕ್ಷತ್ರ ನನಗೆ ಎಲ್ಲಿಯೂ ಕಾಣಸಿಗಲಿಲ್ಲ.

ಕಾರಣವೇನು? ಮೊದಲು ನನಗೆ ತೋರಿದ್ದು ಮಳೆಗಾಲ. 1054ರಲ್ಲಿ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನು ಆಳುತ್ತಿದ್ದನು. ಮಲೆನಾಡಿನಲ್ಲಿ ಹೊಯ್ಸಳ ವಿನಯಾದಿತ್ಯನಿದ್ದನು. ಜುಲೈ ತಿಂಗಳಿನಲ್ಲಿ ತರೀಕೆರೆಯ ಆಚೆಗಿನ ಬೆಟ್ಟಗಳ ಮೇಲೆ ಸೂರ್ಯನೇ ಕಾಣುವುದು ದುರ್ಲಭ. ಹಗಲಿನ ನಕ್ಷತ್ರ ಕಾಣುವುದೆಲ್ಲಿ ಬಂತು? ಆದರೆ ಈ ಸಮಾಧಾನ ಪೂರ್ಣವಾದುದಲ್ಲ. ಮಳೆ ನಿಂತ ಮೇಲೆಯೂ ಆ ನಕ್ಷತ್ರ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆಕಾಶದಲ್ಲಿತ್ತು. ಕಡೂರು, ಅಜ್ಜಂಪುರಗಳ ಬಯಲುಸೀಮೆಯಲ್ಲಿ ದನ ಕಾಯುವವರೂ ಹೊಲ ಕಾಯುವವರೂ ಅದನ್ನು ನೋಡಲು ಅಡ್ಡಿಯಿರಲಿಲ್ಲ.

ಅಮೃತಾಪುರಕ್ಕೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. 1181ರ ಆಗಸ್ಟ್‌ನಲ್ಲಿ ಕುಂತಿ ನಕ್ಷತ್ರಪುಂಜದಲ್ಲಿ ಮತ್ತೊಂದು ಅತಿಥಿ ನಕ್ಷತ್ರ ಕಾಣಿಸಿಕೊಂಡಿತು. ಚೀನಾ ಮತ್ತು ಜಪಾನಿನವರು ಅದನ್ನು ದಾಖಲಿಸಿದರು. ಅದು 185 ದಿನ ಕಂಡಿತು. ಎಂದರೆ ನಮ್ಮ ಕಾರ್ತಿಕ, ಮಾರ್ಗಶಿರ, ಪುಷ್ಯ ಮಾಸಗಳ ನಿರ್ಮಲ ರಾತ್ರಿಗಳಲ್ಲಿ ಉತ್ತರ ದಿಕ್ಕಿನಲ್ಲಿ ಅದು ಇತ್ತು. ಆಗ ಇಮ್ಮಡಿ ವೀರಬಲ್ಲಾಳನ ಆಳ್ವಿಕೆ. ಕೇವಲ 15 ವರ್ಷಗಳ ನಂತರ, 1196ರಲ್ಲಿ, ಅವನ ದಂಡನಾಯಕ ಅಮೃತೇಶ್ವರನು ಅಮೃತಾಪುರದ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಗೋಡೆಗಳ ಮೇಲೆ ರಾಮಾಯಣ, ಭಾಗವತ, ಮಹಾಭಾರತಗಳ ಕಥೆಯನ್ನು ಕಡೆದ ಶಿಲ್ಪಿಗಳಲ್ಲಿ ಹಲವರು 1181ರಲ್ಲಿ ಬದುಕಿದ್ದವರೇ ಆಗಿರಬೇಕು.

ಇದನ್ನು ಯೋಚಿಸುತ್ತಿದ್ದಾಗ ನನ್ನ ತಪ್ಪು ಎಲ್ಲಿದೆಯೆಂಬುದು ಅರಿವಾಯಿತು. ಶಾಸನವೆಂದರೆ ಆಕಾಶದ ದಿನಚರಿಯಲ್ಲ, ಅದು ದಾನಪತ್ರ. ಗ್ರಹಣಕಾಲದಲ್ಲಿ ಕೊಟ್ಟ ದಾನಕ್ಕೆ ಪುಣ್ಯ ಹೆಚ್ಚೆಂಬ ನಂಬಿಕೆಯಿಂದ ಗ್ರಹಣ ಕಲ್ಲಿನ ಮೇಲೆ ಬಂದಿತು. ಚೀನಾದಲ್ಲಿ ಆಕಾಶದ ಪ್ರತಿಯೊಂದು ಬದಲಾವಣೆಯನ್ನೂ ಅರಸನಿಗೆ ವರದಿ ಮಾಡುವುದೇ ಕೆಲಸವಾಗಿದ್ದ ಅಧಿಕಾರಿಗಳಿದ್ದರು. ಆದ್ದರಿಂದ ಅವರು ಬರೆದರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ನಿರ್ದೇಶಕಿಯಾಗಿದ್ದ ಡಾ. ಬಿ. ಎಸ್. ಶೈಲಜಾ ಅವರು ಶಾಸನಗಳಲ್ಲಿರುವ ಗ್ರಹಣ ಮುಂತಾದ ಉಲ್ಲೇಖಗಳನ್ನು ಖಗೋಳ ಗಣಿತದೊಂದಿಗೆ ಹೋಲಿಸಿ ನೋಡಿದ್ದಾರೆ. ಕಲ್ಲು ಹೇಳಿದ್ದನ್ನು ಹೀಗೆ ಪರೀಕ್ಷಿಸಿ ಒಪ್ಪುವುದು ವಿದ್ವತ್ತು. ಕಲ್ಲು ಹೇಳದಿದ್ದುದನ್ನು ಅದರ ಬಾಯಲ್ಲಿ ಹೇಳಿಸುವುದು ನಾನು ಅಂದು ಮಾಡಿದ ಕೆಲಸ.

ಹಾಗಾದರೆ ನೀಹಾರಿಕೆಯ ಚರಿತ್ರೆಯಲ್ಲಿ ನಮ್ಮ ನಾಡಿಗೆ ಪಾಲಿಲ್ಲವೇ? ಖಂಡಿತ ಇದೆ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್ ನೀಹಾರಿಕೆಯೊಂದರ ಬೆಳಕನ್ನು ವರ್ಣಪಟಲದರ್ಶಕದಿಂದ ಪರಿಶೀಲಿಸಿ, ಅದು ನಕ್ಷತ್ರಗಳ ಗುಂಪಲ್ಲ, ಹೊಳೆಯುವ ಅನಿಲವೆಂದು ತೋರಿಸಿದನು. ನಾಲ್ಕು ವರ್ಷಗಳ ನಂತರ, ಭಾರತದ ಭೂಮಾಪನ ಇಲಾಖೆಯಲ್ಲಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ದಕ್ಷಿಣ ಭಾರತದಿಂದ ದಕ್ಷಿಣಾಕಾಶದ ನೀಹಾರಿಕೆಗಳನ್ನು ಅದೇ ವಿಧಾನದಲ್ಲಿ ಪರಿಶೀಲಿಸಿ ರಾಯಲ್ ಸೊಸೈಟಿಗೆ ವರದಿ ಕಳುಹಿಸಿದನು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಅವನು ನೋಡಿದ್ದು ನಮ್ಮ ಜಮಖಂಡಿಯಲ್ಲಿ. ಸಾವಿರಾರು ನೀಹಾರಿಕೆಗಳ ಪಟ್ಟಿ ಮಾಡಿದ ವಿಲಿಯಂ ಹರ್ಷೆಲನ ಮೊಮ್ಮಗ ಇವನು. ತಾತ ಪಟ್ಟಿ ಮಾಡಿದ ಬಗೆಯ ವಸ್ತುಗಳ ಸ್ವರೂಪವನ್ನು ಮೊಮ್ಮಗ ನಮ್ಮ ಆಕಾಶದಡಿಯಲ್ಲಿ ಶೋಧಿಸಿದನು.

ನಕ್ಷತ್ರದ ಸಾವಿನ ಲೆಕ್ಕವನ್ನೂ ನಮ್ಮವರೇ ಹಾಕಿದರು. 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಹತ್ತೊಂಬತ್ತರ ಹರೆಯದ ಎಸ್. ಚಂದ್ರಶೇಖರ್ ಆ ಲೆಕ್ಕವನ್ನು ಆರಂಭಿಸಿದರು. ಇಂಧನ ಮುಗಿದ ಮೇಲೆ ನಮ್ಮ ಸೂರ್ಯನಂಥ ನಕ್ಷತ್ರವು ಹೊರಪದರಗಳನ್ನು ನೀಹಾರಿಕೆಯಾಗಿ ಚೆಲ್ಲಿ ಶ್ವೇತಕುಬ್ಜವಾಗಿ ಉಳಿಯುತ್ತದೆ. ಆದರೆ ಸೂರ್ಯನ ದ್ರವ್ಯರಾಶಿಯ ಸುಮಾರು 1.4 ಪಟ್ಟನ್ನು ಮೀರಿ ಶ್ವೇತಕುಬ್ಜ ನಿಲ್ಲಲಾರದು. ಬೃಹತ್ ನಕ್ಷತ್ರದ ಒಡಲು ಕುಸಿದು, ಹೊರಭಾಗ ಸಿಡಿದು ಮಹಾನವ್ಯವಾಗುತ್ತದೆ. 1054ರಲ್ಲಿ ಕಂಡದ್ದು ಅದೇ. ಸುಮಾರು 6,500 ಜ್ಯೋತಿರ್ವರ್ಷ ದೂರದ ಏಡಿ ನೀಹಾರಿಕೆಯ ನಡುವೆ ಸೆಕೆಂಡಿಗೆ ಸುಮಾರು 30 ಬಾರಿ ತಿರುಗುವ ನ್ಯೂಟ್ರಾನ್ ನಕ್ಷತ್ರವು 1968ರಲ್ಲಿ ಪತ್ತೆಯಾಯಿತು. ಇಂಥ ಪಲ್ಸಾರ್‌ಗಳ ಮಿಡಿತ ಅವುಗಳ ಕಾಂತಧ್ರುವಗಳಿಂದ ಬರುತ್ತದೆಂಬ ವಿವರಣೆಯನ್ನು 1969ರಲ್ಲಿ ಸಹೋದ್ಯೋಗಿಯೊಂದಿಗೆ ಮುಂದಿಟ್ಟವರು ವಿ. ರಾಧಾಕೃಷ್ಣನ್. ಮುಂದೆ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ವಿಜ್ಞಾನಿಗಳು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸಿ, ಸಿಡಿಯುವ ನಕ್ಷತ್ರಗಳನ್ನು ಅಧ್ಯಯನ ಮಾಡುತ್ತಾರೆ. 1181ರ ಅತಿಥಿಯ ಅವಶೇಷವನ್ನು ಹವ್ಯಾಸಿ ವೀಕ್ಷಕರೊಬ್ಬರು 2013ರಲ್ಲಿ ಗುರುತಿಸಿದರು. ಅದಕ್ಕೂ ಆ ಹಳೆಯ ದಾಖಲೆಗೂ ಇರುವ ನಂಟನ್ನು ವಿಜ್ಞಾನಿಗಳು 2021ರಲ್ಲಿ ಮುಂದಿಟ್ಟರು.

ಆ ಹಿಂದಿನ ಬೆಂಚಿನ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನು ಇದನ್ನು ಓದುತ್ತಿದ್ದರೆ ಒಂದು ಮಾತು: ಅಪ್ಪಾ, ಅಮೃತಾಪುರದ ಆ ಕಲ್ಲಿನಲ್ಲಿ ಅಕ್ಷರ ಸವೆದಿರಲಿಲ್ಲ, ನಾನು ಹೇಳಿದ ಸಾಲೇ ಅಲ್ಲಿರಲಿಲ್ಲ. ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ಸುಳ್ಳಾಗಿತ್ತು. ನಿನ್ನ ಮಕ್ಕಳು ಇದೇ ಪ್ರಶ್ನೆ ಕೇಳಿದರೆ, "ನೋಡಿರಬಹುದು ಮಗೂ, ಆದರೆ ಬರೆದಿಟ್ಟದ್ದು ನನಗೆ ಗೊತ್ತಿಲ್ಲ" ಎಂದು ಹೇಳು. ಮಳೆ ಕಳೆದ ಮೇಲೆ ಒಂದು ರಾತ್ರಿ ಅವರನ್ನು ಕಾವಲಿಗೆ ಕರೆದುಕೊಂಡು ಹೋಗಿ ಮಹಾವ್ಯಾಧನ ಪಟ್ಟಿಯ ಕೆಳಗಿನ ಆ ಮಸುಕು ಚುಕ್ಕೆಯನ್ನು ತೋರಿಸು.