ಎರಡು ದಂಡೆ, ಒಂದು ಹರಿಗೋಲು: ಹಡಗಲಿ ಸೀಮೆಯ ಹೊಳೆದಾರಿಯ ಬಗ್ಗೆ ಒಂದು ಟಿಪ್ಪಣಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂದೊಡನೆ ನೆನಪಿಗೆ ಬರುವುದು ಜೋಳದ ಹೊಲ, ಗುಡೇಕೋಟೆಯ ಕರಡಿಗುಡ್ಡ, ಕೊಟ್ಟೂರೇಶ್ವರನ ತೇರು. ದೋಣಿ ಯಾರಿಗೂ ನೆನಪಾಗುವುದಿಲ್ಲ. ಆದರೆ ಈ ಐದರಲ್ಲಿ ಮೂರು ತಾಲ್ಲೂಕುಗಳಿಗೆ ತುಂಗಭದ್ರೆಯೇ ಗಡಿ. ಹರಪನಹಳ್ಳಿಯ ಹಲವಾಗಲು, ಗರ್ಭಗುಡಿಯ ಕಡೆಯಿಂದ ಹಡಗಲಿಯ ಮೈಲಾರ, ಕುರುವತ್ತಿ, ಮಾಗಳಗಳನ್ನು ಸವರಿಕೊಂಡು ಹೊಳೆ ಹಗರಿಬೊಮ್ಮನಹಳ್ಳಿಯ ಕಡೆ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಸೇರುತ್ತದೆ. ಕೂಡ್ಲಿಗಿ, ಕೊಟ್ಟೂರುಗಳ ಪಾಲಿಗೆ ಬಂದದ್ದು ಚಿಕ್ಕ ಹಗರಿ ಮಾತ್ರ. ಮಳೆಗಾಲ ಕಳೆದರೆ ಅದು ಮರಳ ದಾರಿ. ಹಾಗಾಗಿ ಇಲ್ಲಿನ ಮಾತು ಹೆಚ್ಚಾಗಿ ಹೊಳೆಸಾಲಿನ ಮೂರು ತಾಲ್ಲೂಕುಗಳದ್ದು.

ನನ್ನ ವಾದ ಇಷ್ಟು. ಈ ಹರವಿನ ದೇವಾಲಯಗಳನ್ನು ನಾವು ರಸ್ತೆಯಿಂದ ನೋಡಿ, ಜಿಲ್ಲೆಯ ಲೆಕ್ಕದಲ್ಲಿ ಓದಿದ್ದೇವೆ. ಅವನ್ನು ಕಟ್ಟಿದವರೂ ಅಲ್ಲಿಗೆ ನಡೆದುಕೊಂಡವರೂ ಹೊಳೆ ದಾಟಿ ಓಡಾಡಿದವರು. ಹರಿಗೋಲು ಹಾಯುತ್ತಿದ್ದ ಘಟ್ಟಗಳನ್ನು ಬಿಟ್ಟು ಈ ಗುಡಿಗಳ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಕುರುವತ್ತಿಯಿಂದಲೇ ತೊಡಗಬಹುದು. ಅಲ್ಲಿನ ಮಲ್ಲಿಕಾರ್ಜುನ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಮುಂಭಾಗದ ಕಂಬಗಳಿಗೆ ಆನಿಸಿದ ಮದನಿಕೆಯರನ್ನು ನೋಡಿದವರಿಗೆ 1117ರ ಬೇಲೂರು ನೆನಪಾಗದೆ ಇರದು. ಬೇಲೂರಿನ ಮದನಿಕೆಯರ ಮನೆತನದ ಹಿರಿಯರು ಇಲ್ಲಿದ್ದಾರೆ ಎಂಬ ಕಲಾ ಇತಿಹಾಸಕಾರರ ಮಾತನ್ನು ಒಪ್ಪಲು ನನಗೆ ಯಾವ ಅಡ್ಡಿಯೂ ಇಲ್ಲ. ಆದರೆ ಕುರುವತ್ತಿ ಶಾಸನಗಳಲ್ಲಿ ಹೆಸರಾದದ್ದು ಶಿಲ್ಪಕ್ಕಿಂತ ಮೊದಲು ಒಂದು ಸಾವಿನಿಂದ. 1068ರ ಮಾರ್ಚ್ 29ರಂದು ಆಹವಮಲ್ಲ ಬಿರುದಿನ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ, ಗುಣವಾಗದ ಕಾಯಿಲೆಯಿಂದ ನೊಂದು, ಇಲ್ಲಿಯೇ ಹೊಳೆಗಿಳಿದು ಪ್ರಾಣ ಬಿಟ್ಟ. ಬಿಲ್ಹಣ ತನ್ನ ವಿಕ್ರಮಾಂಕದೇವಚರಿತದಲ್ಲಿ ಈ ಪ್ರಸಂಗವನ್ನು ತುಂಗಭದ್ರೆಯ ಹೆಸರಿನೊಂದಿಗೆ ವಿಸ್ತಾರವಾಗಿ ವರ್ಣಿಸುತ್ತಾನೆ. ಸ್ಥಳ ಕುರುವತ್ತಿ ಎಂದು ತಿಳಿಸುವುದು ಶಾಸನ. ಕಲ್ಯಾಣದಂಥ ರಾಜಧಾನಿಯ ದೊರೆ ಕೊನೆಗೆ ಬಯಸಿ ಬಂದ ದಂಡೆ ಒಂದು ಮೂಲೆಯ ಹಳ್ಳಿಯಾಗಿರಲು ಸಾಧ್ಯವಿಲ್ಲ. ಅದು ಆಗಲೇ ಹೆಸರಾಂತ ತೀರ್ಥವಾಗಿರಬೇಕು, ಎರಡು ಕಡೆಯ ಜನ ಕೂಡುವ ಘಟ್ಟವಾಗಿರಬೇಕು.

ಈಗ ಎದುರು ದಂಡೆ. ಹಾವೇರಿ ಜಿಲ್ಲೆಯ ಕಡೆ, ಕುರುವತ್ತಿಯ ನೆರೆಯಲ್ಲೇ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ಇದೆ. ವರದೆ ತುಂಗಭದ್ರೆಗೆ ಕೂಡುವಲ್ಲಿ ಗಳಗನಾಥದ ಗಳಗೇಶ್ವರ, ಸ್ವಲ್ಪ ದೂರದಲ್ಲಿ ಹರಳಹಳ್ಳಿಯ ಸೋಮೇಶ್ವರ. ಬಲದಂಡೆಗೆ ಮರಳಿದರೆ ಮಾಗಳದ ಮೂರು ಗರ್ಭಗುಡಿಗಳ ದೇವಾಲಯ. ಚೌಡಯ್ಯದಾನಪುರವಂತೂ ಅಂಬಿಗರ ಚೌಡಯ್ಯನ ಹೆಸರಿಗೆ ಅಂಟಿಕೊಂಡ ಊರು. ಹನ್ನೆರಡನೆಯ ಶತಮಾನದ ಈ ನಿಷ್ಠುರ ವಚನಕಾರನ ಕಾಯಕ ಜನರನ್ನು ಹೊಳೆ ದಾಟಿಸುವುದು. ಅವನ ಮಾತಿನ ಬಿರುಸನ್ನು ಕುರಿತು ರಾಶಿ ರಾಶಿ ಬರೆದಿದ್ದೇವೆ. ಅವನು ಹುಟ್ಟು ಹಾಕಿದ್ದು ಯಾವ ದಂಡೆಯಿಂದ ಯಾವ ದಂಡೆಗೆ ಎಂದು ಕೇಳಿದವರು ಕಡಿಮೆ. ಚೌಡಯ್ಯದಾನಪುರದಲ್ಲಿ ನಿಂತು ಹೊಳೆ ದಾಟಿದರೆ ಕಾಲಿಡುವುದು ಇಂದಿನ ವಿಜಯನಗರ ಜಿಲ್ಲೆಯ ನೆಲದಲ್ಲಿ. ವಚನಕಾರನನ್ನು ಹಾವೇರಿಗೆ, ಮದನಿಕೆಯನ್ನು ಹಡಗಲಿಗೆ ಹಂಚಿಕೊಟ್ಟವರು ನಾವು.

ಈ ಹಂಚಿಕೆಗೆ ಒಂದು ದಿನಾಂಕವೂ ಉಂಟು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಬಲದಂಡೆ ಮದ್ರಾಸಿಗೆ ಸೇರಿತು. 1818ರಲ್ಲಿ ಪೇಶ್ವೆ ಸೋತ ಮೇಲೆ ಎಡದಂಡೆ ಮುಂಬೈಗೆ ಸೇರಿತು. ಇನ್ನೂ ಕೆಳಗೆ, ಕೊಪ್ಪಳದ ಕಡೆ, ಎಡದಂಡೆ ನಿಜಾಮನ ರಾಜ್ಯ. ಅಂದಿನಿಂದ 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂದು, 1956ರ ನವೆಂಬರ್ 1ರಂದು ಧಾರವಾಡ ರಾಯಚೂರುಗಳು ಕೂಡುವವರೆಗೂ, ಹಡಗಲಿ ಕಡೆಯ ಅಂಬಿಗ ಒಂದೊಂದು ಸಲ ಹುಟ್ಟು ಹಾಕಿದಾಗಲೂ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋಗುತ್ತಿದ್ದ. ಎರಡೂ ಕಡೆ ಕನ್ನಡವೇ. ಕಂದಾಯ, ಕಚೇರಿ, ಕಾಗದಪತ್ರ ಮಾತ್ರ ಬೇರೆ.

ಆ ಗೆರೆ ಗ್ರಂಥಾಲಯದ ಕಪಾಟಿನಲ್ಲಿ ಇಂದಿಗೂ ಉಳಿದಿದೆ. ಅಲೆಕ್ಸಾಂಡರ್ ರೀ 1896ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಗುಡಿಗಳದ್ದು: ಕುರುವತ್ತಿ, ಮಾಗಳ, ಹಡಗಲಿ, ಹಿರೇಹಡಗಲಿ, ಬಾಗಳಿ, ನೀಲಗುಂದ. ಹೆನ್ರಿ ಕಸಿನ್ಸ್ 1926ರಲ್ಲಿ ತಂದ ಗ್ರಂಥದ ಮುಖ್ಯ ಕ್ಷೇತ್ರ ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳು. ಶಾಸನಗಳ ಪಾಡೂ ಇದೇ. ಬಲದಂಡೆಯವು ದಕ್ಷಿಣ ಭಾರತದ ಶಾಸನಗಳು ಮಾಲೆಯ ಒಂಬತ್ತನೆಯ ಸಂಪುಟದಲ್ಲಿ, ಎಡದಂಡೆಯವು ಮುಂಬೈ-ಕರ್ನಾಟಕ ಶಾಸನಗಳೆಂದು ಹನ್ನೊಂದನೆಯದರಲ್ಲಿ ಮತ್ತು ಮುಂದಿನ ಕೆಲವು ಸಂಪುಟಗಳಲ್ಲಿ. ಇವುಗಳ ಉಪಕಾರ ಸಣ್ಣದಲ್ಲ. ರೀ ಮಾಡಿಸಿದ ನಕ್ಷೆಗಳಿಲ್ಲದೆ ಮಾಗಳದ ಛತ್ತಿನ ಕೆಲಸವನ್ನು ಇಂದಿಗೂ ವಿವರಿಸಲಾರೆವು. ಆದರೆ ಒಂದೇ ಶಿಲ್ಪಿ ಬಳಗ ಬೆಳಿಗ್ಗೆ ಒಂದು ದಂಡೆ, ಸಂಜೆ ಇನ್ನೊಂದು ದಂಡೆ ಎಂದು ಕೆಲಸ ಮಾಡಿರಬಹುದಾದ ಸೀಮೆಯನ್ನು ಎರಡು ಪುಸ್ತಕ ಮಾಡಿ ಓದುವ ರೂಢಿ ಹಾಗೆ ಬಿದ್ದುಬಿಟ್ಟಿತು. ರಾಜ್ಯ ಒಂದಾದ ಮೇಲೂ ನಮ್ಮ ಶಾಸನ ಸಂಪುಟಗಳು ಜಿಲ್ಲಾವಾರಾಗಿಯೇ ಬರುತ್ತಿವೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬಾಗಳಿಯ ಕಲ್ಲೇಶ್ವರ ಕೂತ ಜಾಗದಿಂದ ಏಳಲಿಲ್ಲ. ಅವನ ವಿಳಾಸ ಮಾತ್ರ ಬದಲಾಗುತ್ತ ಹೋಯಿತು.

ಇನ್ನು ವಾಹನದ ವಿಷಯ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟುವ ದೋಣಿಯನ್ನು ಗಮನವಿಟ್ಟು ನೋಡಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತದೆ. ಬೇಕಾದರೆ ಕುದುರೆ ಎತ್ತುಗಳನ್ನೂ ಹತ್ತಿಸಬಹುದು. ಹುಟ್ಟು ಹಾಕಿದಂತೆಲ್ಲ ಸುತ್ತುತ್ತಲೇ ಸಾಗುತ್ತದೆ, ನೆಟ್ಟಗೆ ಹೋಗದು. ಇಷ್ಟು ಹೇಳಿ ಅವನು ಸೇರಿಸುವ ಒಂದು ಮಾತು ನಮಗೆ ಬಹಳ ಮುಖ್ಯ: ಈ ರಾಜ್ಯದ ಹೊಳೆಗಳಲ್ಲೆಲ್ಲ ಇದನ್ನು ಬಿಟ್ಟರೆ ಬೇರೆ ದೋಣಿಯೇ ಇಲ್ಲ. ಅಂದರೆ ಅವನ ಕಾಲದಲ್ಲಿ ಕುರುವತ್ತಿ, ಮಾಗಳದ ಘಟ್ಟಗಳಲ್ಲೂ ಹಾಯುತ್ತಿದ್ದುದು ಈ ಹರಿಗೋಲೇ. ಬಿದಿರಿನ ದಬ್ಬೆಯ ಹೆಣಿಗೆ ಇಂದಿಗೂ ಹೆಚ್ಚು ಬದಲಾಗಿಲ್ಲ. ತೊಗಲಿನ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ.

ಹೀಗೆ ಸುತ್ತುವ ದೋಣಿ ಹೊಳೆಗೆ ಅಡ್ಡ ಹಾಯಲು ಸರಿ, ಉದ್ದಕ್ಕೆ ಹೋಗಲು? ಇಲ್ಲಿ ಹೂವಿನಹಡಗಲಿಯ ಪ್ರಸಿದ್ಧ ಐತಿಹ್ಯವನ್ನು ಒರೆಗೆ ಹಚ್ಚಬೇಕಾಗುತ್ತದೆ. ಹಂಪೆಯ ವಿರೂಪಾಕ್ಷನ ಪೂಜೆಗೆ ಇಲ್ಲಿಂದ ದಿನವೂ ಹೊಳೆಯ ಮೇಲೆ ಹೂವು ಹೋಗುತ್ತಿತ್ತು, ಆ ಹೂವಿನ ಹಡಗಿನಿಂದಲೇ ಊರಿಗೆ ಈ ಹೆಸರು ಎನ್ನುತ್ತಾರೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿರುವುದರಿಂದ ಕತೆಗೆ ಈಗ ಇನ್ನಷ್ಟು ಕಳೆ. ಆದರೆ ಕಾಲ ಹೊಂದುವುದಿಲ್ಲ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಅಧಿಕಾರಿ ರವಿದೇವನ ಹೆಂಡತಿ ರೆಬ್ಬಲದೇವಿ ಇಲ್ಲಿ ಕೇಶವ ದೇವಾಲಯ ಕಟ್ಟಿಸಿದ್ದು 1090ರಲ್ಲಿ. ಚಾಲುಕ್ಯರ ಕಾಲಕ್ಕಾಗಲೇ ಊರು ‘ಪೂವಿನ ಪಡಂಗಿಲೆ’. ಹೂವು ಹೆಸರಿನಲ್ಲಿ ಸೇರಿಕೊಂಡದ್ದು ವಿಜಯನಗರ ಹುಟ್ಟುವುದಕ್ಕೂ ಇನ್ನೂರು ವರ್ಷಕ್ಕೂ ಹೆಚ್ಚು ಮೊದಲು. ನೆಲವೂ ಕತೆಗೆ ಒಲಿಯುವುದಿಲ್ಲ: ಪಟ್ಟಣ ಹೊಳೆಯ ದಂಡೆಯಲ್ಲಿಲ್ಲ, ಹಂಪೆಯ ಹತ್ತಿರ ಹೊಳೆ ಬಂಡೆಗಳ ನಡುವೆ ಸೀಳಿ ಧುಮುಕುತ್ತದೆ. ಹೋದ ಹರಿಗೋಲು ಪ್ರವಾಹಕ್ಕೆ ಎದುರಾಗಿ ಮರಳುವುದು ಕಷ್ಟ. ಹೆರೊಡೊಟಸ್ ಬಾಬಿಲೋನಿನ ದುಂಡು ತೊಗಲುದೋಣಿಗಳ ಬಗ್ಗೆ ಬರೆಯುತ್ತ, ಪ್ರತಿ ದೋಣಿಯಲ್ಲೂ ಒಂದು ಕತ್ತೆಯನ್ನು ಕರೆದೊಯ್ಯುತ್ತಾರೆ ಎನ್ನುತ್ತಾನೆ. ಊರು ಮುಟ್ಟಿದ ಮೇಲೆ ಚೌಕಟ್ಟನ್ನು ಮಾರಿ, ತೊಗಲನ್ನು ಮಡಿಸಿ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಹಿಂದಿರುಗುತ್ತಾರಂತೆ. ದಿನಕ್ಕೊಂದು ಬುಟ್ಟಿ ಹೂವಿಗಾಗಿ ಇಷ್ಟೆಲ್ಲ ಯಾರು ಮಾಡಿಯಾರು? ಐತಿಹ್ಯವನ್ನು ಚರಿತ್ರೆಯೆಂದು ಒಪ್ಪಲಾಗದು. ಆದರೂ ಅದು ಹೊಳೆಯನ್ನೇ ದಾರಿಯಾಗಿ ಕಲ್ಪಿಸಿಕೊಂಡಿದೆ ಎಂಬುದಕ್ಕೆ ಬೆಲೆ ಇದೆ. ನಮ್ಮ ಗೆಜೆಟಿಯರುಗಳಿಗೆ ಅಷ್ಟು ಕಲ್ಪನೆಯೂ ಬರಲಿಲ್ಲ.

ಹೊಳೆ ದಾಟುವುದು ಋತುವಿನ ಲೆಕ್ಕ. ಮೈಲಾರಲಿಂಗನ ಕಾರಣಿಕ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಕುರುವತ್ತಿ ಬಸವಣ್ಣನ ತೇರು ಶಿವರಾತ್ರಿಯ ಸುಮಾರಿಗೆ. ಎರಡೂ ಫೆಬ್ರವರಿ-ಮಾರ್ಚ್‌ನಲ್ಲಿ ಬೀಳುತ್ತವೆ. ಸುಗ್ಗಿ ಮುಗಿದಿರುತ್ತದೆ ಎಂಬುದು ಒಂದು ಕಾರಣ, ಎಲ್ಲರೂ ಹೇಳುವಂಥದು. ಇನ್ನೊಂದು ಕಾರಣ ಹೊಳೆಯಲ್ಲಿದೆ ಎಂದು ನನ್ನ ಅನಿಸಿಕೆ. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಆ ತಿಂಗಳುಗಳಲ್ಲಿ ನೀರು ಇಳಿದು ಮರಳು ತೆರೆದುಕೊಳ್ಳುತ್ತಿತ್ತು. ಎಡದಂಡೆಯ ಒಕ್ಕಲುಮಕ್ಕಳು ಬಂಡಿ ಹೂಡಿಕೊಂಡೇ ಬರಬಹುದಿತ್ತು. ಹರಿಗೋಲು ಅನಿವಾರ್ಯವಾಗುತ್ತಿದ್ದುದು ಮುಂಗಾರಿನಿಂದ ದೀಪಾವಳಿಯವರೆಗೆ.

ದ್ವೀಪವೂ ಇಲ್ಲಿ ಹೀಗೆಯೇ ಋತುವಿನದು. ಮೆಡಿಟರೇನಿಯನ್ ಕಡಲಿನ ಸಣ್ಣ ಐತಿಹಾಸಿಕ ದ್ವೀಪಗಳಿಗೆ ದೋಣಿಯಲ್ಲಿ ಹೋಗುವವರಿಗೆ ಗಾಳಿಯೊಂದೇ ಚಿಂತೆ. ದ್ವೀಪ ಇದ್ದಲ್ಲೇ ಇರುತ್ತದೆ. ಸಿಸಿಲಿಯ ಪಕ್ಕದ ಮೋಟ್ಯ ಕ್ರಿ.ಪೂ. 397ರಲ್ಲಿ ಹಾಳಾಯಿತು, ಆದರೆ ಕರಗಲಿಲ್ಲ. ಹಗರಿಬೊಮ್ಮನಹಳ್ಳಿಯ ಹಿನ್ನೀರಿನಲ್ಲಿ ನವೆಂಬರಿನ ನಡುಗಡ್ಡೆ ಮೇ ತಿಂಗಳಿಗೆ ಕುರಿ ಮೇಯುವ ದಿನ್ನೆ. ಇದು ತುಂಗಭದ್ರಾ ಅಣೆಕಟ್ಟಿನ ಸೃಷ್ಟಿ. 1945ರ ಫೆಬ್ರವರಿ 28ರಂದು ಎಡಬದಿಯಲ್ಲಿ ನಿಜಾಮನ ಯುವರಾಜನೂ ಬಲಬದಿಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪನೂ ಅಡಿಗಲ್ಲಿಟ್ಟರು. ಅಲ್ಲಿಯೂ ಎರಡು ದಂಡೆ, ಎರಡು ಸರ್ಕಾರ. 1953ರಲ್ಲಿ ನೀರು ನಿಂತಾಗ ಸುಮಾರು 378 ಚದರ ಕಿಲೋಮೀಟರ್ ನೆಲ, ಸುಮಾರು 90 ಹಳ್ಳಿ ಮುಳುಗಿದವು. ನಾರಾಯಣದೇವರಕೆರೆಯವರು ದೇವರನ್ನೂ ಎತ್ತಿಕೊಂಡು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಪೂರ್ಣ ಮಟ್ಟ 1633 ಅಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಈ ಮಟ್ಟದ ಸಂಖ್ಯೆ ಮನೆಮನೆಯ ಮಾತಾಯಿತು. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ. ಆ ಹೂಳಿನ ಅಡಿಯಲ್ಲಿ ಎಷ್ಟೋ ಹಳೆಯ ಘಟ್ಟಗಳಿವೆ.

ಅಣೆಕಟ್ಟಿನ ಕೆಳಗೆ, ನಮ್ಮ ಐದು ತಾಲ್ಲೂಕುಗಳ ಆಚೆ, ದೋಣಿಯಲ್ಲೇ ಹೋಗಿ ನೋಡುವ ನಿಜವಾದ ಐತಿಹಾಸಿಕ ನಡುಗಡ್ಡೆ ಒಂದಿದೆ: ಆನೆಗೊಂದಿಯ ನವಬೃಂದಾವನ. ಮಧ್ವರ ನೇರ ಶಿಷ್ಯ ಪದ್ಮನಾಭತೀರ್ಥರಿಂದ ಹಿಡಿದು ಒಂಬತ್ತು ಯತಿಗಳ ಬೃಂದಾವನಗಳು ಅಲ್ಲಿವೆ. ನಡುವೆ 1539ರಲ್ಲಿ ತೀರಿಕೊಂಡ ವ್ಯಾಸರಾಯರದು. ಗ್ರೀಸಿನ ಡೆಲೋಸ್ ದ್ವೀಪದಲ್ಲಿ ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಗೋರಿಗಳನ್ನೆಲ್ಲ ತೆಗೆಸಿ, ಇನ್ನು ಮುಂದೆ ಇಲ್ಲಿ ಯಾರೂ ಸಾಯಬಾರದು, ಹೆರಬಾರದು ಎಂದು ಕಟ್ಟಳೆ ಮಾಡಿದ್ದರು. ನಮ್ಮಲ್ಲಿ ಯತಿಗಳ ಬೃಂದಾವನದಿಂದಲೇ ನಡುಗಡ್ಡೆ ಪಾವನವಾಯಿತು. ಪಾವಿತ್ರ್ಯದ ಬಗ್ಗೆ ಎರಡು ಕಡೆಯವರ ಲೆಕ್ಕ ಪೂರ್ತಿ ತಲೆಕೆಳಗು. ಸುತ್ತ ನೀರಿದ್ದರೆ ರಕ್ಷಣೆ ಎಂದುಕೊಳ್ಳುವವರು 2019ರ ಜುಲೈ ನೆನಪಿಟ್ಟುಕೊಳ್ಳಬೇಕು. ನಿಧಿಯಾಸೆಗೆ ವ್ಯಾಸರಾಯರ ಬೃಂದಾವನವನ್ನೇ ಒಡೆದಿದ್ದರು. ಭಕ್ತರು ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿದರು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಅಲ್ಲಿಗೆ ದೋಣಿ ನಿಲ್ಲುತ್ತದೆ. ಆ ನಡುಗಡ್ಡೆಯ ಬಾಗಿಲಿನ ಕೀಲಿ ಈಗ ಗೇಟಿನವರ ಕೈಯಲ್ಲಿದೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹಲವಾಗಲಿನಿಂದ ಹಿನ್ನೀರಿನವರೆಗೆ, ಎರಡೂ ದಂಡೆಗಳಲ್ಲಿ, ಹರಿಗೋಲು ಹಾಯುತ್ತಿದ್ದ ಘಟ್ಟಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಬೇಕು. ಅದರ ಪಕ್ಕದಲ್ಲಿ ಎರಡು ಶಾಸನ ಮಾಲೆಗಳ ಊರಹೆಸರುಗಳನ್ನು ಇಟ್ಟು ನೋಡಬೇಕು. ಸೇತುವೆಗಳು ಬಂದ ಮೇಲೆ ಹುಟ್ಟು ಕೆಳಗಿಟ್ಟ ಗಂಗಾಮತ, ಬೆಸ್ತ, ಅಂಬಿಗ ಮನೆತನಗಳ ಹಿರಿಯರಿಗೆ ಯಾವ ತಿಂಗಳು ಎಲ್ಲಿ ಸುಳಿ, ಎಲ್ಲಿ ಕಾಲುದಾರಿ ಎಂಬುದು ಇನ್ನೂ ಬಾಯಲ್ಲಿದೆ. ಅದನ್ನು ದಾಖಲಿಸಲು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಿಂತ ಹತ್ತಿರದ ಸಂಸ್ಥೆ ಬೇರೊಂದಿಲ್ಲ. ಹಡಗಲಿ, ಗುತ್ತಲ, ರಾಣೆಬೆನ್ನೂರಿನ ಕಾಲೇಜು ಅಧ್ಯಾಪಕರು ಜಿಲ್ಲೆಯ ಗೆರೆ ನೋಡದೆ ಒಟ್ಟಾಗಿ ಈ ಕೆಲಸಕ್ಕೆ ಇಳಿಯಬೇಕು. ನೋಡಲು ಹೋಗುವ ಓದುಗರಲ್ಲೂ ಒಂದು ಮಾತು: ಕುರುವತ್ತಿಗೆ ಹೋದವರು ಅದೇ ದಿನ ಎದುರು ದಂಡೆಯ ಚೌಡಯ್ಯದಾನಪುರವನ್ನೂ ನೋಡಿ ಬನ್ನಿ, ಮತ್ತು ಲೈಫ್ ಜಾಕೆಟ್ ಇಲ್ಲದ ಹರಿಗೋಲನ್ನು ಯಾರು ಎಷ್ಟೇ ಕರೆದರೂ ಹತ್ತಬೇಡಿ.