ಚಿಂಜುವಿನ ಮೂರು ಟ್ಯಾಂಕುಗಳು

ಯುದ್ಧದ ಇತಿಹಾಸವನ್ನು ಓದುವಾಗ ನಾವು ಸಾಮಾನ್ಯವಾಗಿ ಸೇನಾಪತಿಗಳ ನಿರ್ಧಾರಗಳನ್ನೂ ಸೈನ್ಯಗಳ ಬಲಾಬಲವನ್ನೂ ಗಮನಿಸುತ್ತೇವೆ. ಎಂಜಿನ್ನಿನ ಫ್ಯಾನ್ ಬೆಲ್ಟಿಗೆ ಆ ಪುಟಗಳಲ್ಲಿ ಜಾಗ ಸಿಗುವುದು ಅಪರೂಪ. ಆದರೆ 1950ರ ಜುಲೈ ಕೊನೆಯಲ್ಲಿ, ದಕ್ಷಿಣ ಕೊರಿಯಾದ ಚಿಂಜು ಪಟ್ಟಣದಲ್ಲಿ, ಮೂರು ಟ್ಯಾಂಕುಗಳ ಗತಿಯನ್ನು ನಿರ್ಧರಿಸಿದ್ದರಲ್ಲಿ ಆ ಬೆಲ್ಟಿನ ಪಾಲು ದೊಡ್ಡದು.

ಆ ವರ್ಷದ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ಸೋವಿಯತ್ ನಿರ್ಮಿತ ಟಿ-34 ಟ್ಯಾಂಕುಗಳೊಡನೆ ಗಡಿ ದಾಟಿತು. ಜಪಾನಿನಲ್ಲಿದ್ದ ಅಮೆರಿಕದ ಪಡೆಗಳ ಬಳಿ ಇದ್ದ ಹಗುರ ಟ್ಯಾಂಕುಗಳು ಅವಕ್ಕೆ ಸಾಟಿಯಾಗಿರಲಿಲ್ಲ. ಟೋಕಿಯೋದ ಸೇನಾ ಉಗ್ರಾಣದಲ್ಲಿ ಮೂರು ಎಂ-26 ಪರ್ಷಿಂಗ್ ಟ್ಯಾಂಕುಗಳು ಸಿಕ್ಕಿದವು. ಸುಮಾರು 42 ಟನ್ ತೂಕದ, 90 ಮಿಲಿಮೀಟರ್ ತೋಪಿನ ಈ ವಾಹನಗಳು ಟಿ-34ಕ್ಕೆ ಎದುರು ನಿಲ್ಲಬಲ್ಲವು. ಆದರೆ ಆರೈಕೆಯಿಲ್ಲದೆ ಕೆಟ್ಟು ನಿಂತಿದ್ದವು. ದುರಸ್ತಿಯೇನೋ ನಡೆಯಿತು, ತಕ್ಕ ಫ್ಯಾನ್ ಬೆಲ್ಟುಗಳು ಮಾತ್ರ ದೊರೆಯಲಿಲ್ಲ. ಬದಲಿ ಬೆಲ್ಟುಗಳನ್ನು ಹೊಂದಿಸಿ ಹಡಗೇರಿಸಿದರು.

ಬೆಲ್ಟು ಸಡಿಲಾದರೆ ಫ್ಯಾನು ತಿರುಗದು. ರೇಡಿಯೇಟರಿಗೆ ಗಾಳಿ ಸಾಲದೆ ಎಂಜಿನ್ ಕಾದು ನಿಲ್ಲುತ್ತದೆ. ಚಿಂಜುವಿನಲ್ಲಿ ಆದದ್ದೂ ಅದೇ. ಹೊಸ ಬೆಲ್ಟುಗಳ ದಾರಿ ಕಾಯುತ್ತಿರುವಾಗಲೇ ಜುಲೈ 31ರಂದು ಪಟ್ಟಣ ಶತ್ರುವಿನ ವಶವಾಯಿತು. ತಡವಾಗಿ ಹೊರಟ ಟ್ಯಾಂಕುಗಳಿಗೆ ಮುರಿದ ಸೇತುವೆ ಅಡ್ಡವಾಯಿತು. ಮೂರೂ ಕೈತಪ್ಪಿದವು, ಅವುಗಳ ನಾಯಕನಾಗಿದ್ದ ಯುವ ಲೆಫ್ಟಿನೆಂಟ್ ಹತನಾದ.

ಹಾಗೆಂದು ಸೇನೆಯಲ್ಲಿ ನಿರ್ವಹಣೆಯ ಕೈಪಿಡಿಗಳಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಅವನ್ನು ಮನಸ್ಸಿಟ್ಟು ಓದುವವರಿಗೆ. 1951ರ ಜೂನ್‌ನಲ್ಲಿ ಅಮೆರಿಕದ ಸೇನೆ 'ಪಿಎಸ್' ಎಂಬ ಮಾಸಿಕವನ್ನು ಆರಂಭಿಸಿತು. ಪತ್ರದ ಕೊನೆಯಲ್ಲಿ ಸೇರಿಸುವ 'ತಾಜಾಕಲಂ' ಎಂಬುದೇ ಆ ಹೆಸರಿನ ಅರ್ಥ. ಕೈಪಿಡಿಗಳು ಹೇಳದೆ ಬಿಟ್ಟದ್ದನ್ನು ಅದು ಹೇಳಬೇಕಿತ್ತು. ಚಿತ್ರಗಳ ಹೊಣೆ ಹೊತ್ತವರು ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್. ಎರಡನೆಯ ಮಹಾಯುದ್ಧದಲ್ಲೇ 'ಆರ್ಮಿ ಮೋಟರ್ಸ್' ಪತ್ರಿಕೆಗಾಗಿ ಜೋ ಡೋಪ್ ಎಂಬ ಅಜಾಗರೂಕ ಸಿಪಾಯಿಯನ್ನು ಚಿತ್ರಿಸಿದ್ದ ಅವರು, 1971ರವರೆಗೆ 'ಪಿಎಸ್' ಜೊತೆಗಿದ್ದರು.

ಇಂಥ ಬರಹದ ವಿವೇಕ ಬಹು ಸರಳ. ಹೊರಡುವ ಮುನ್ನ ಎಣ್ಣೆ, ನೀರು, ಬೆಲ್ಟು ನೋಡು. ದಾರಿಯಲ್ಲಿ ಮಾಪಕಗಳ ಮೇಲೆ ಕಣ್ಣಿಡು. ನಿಂತಾಗ ಚೈನಿನ ಬಿಗಿತವನ್ನು ಪರೀಕ್ಷಿಸು. ಧೂಳಿನ ನಾಡಿನಲ್ಲಿ ಏರ್ ಫಿಲ್ಟರನ್ನು ಮರೆಯಬೇಡ. ಮರಳಿದ ಮೇಲೆ, ಎಷ್ಟೇ ದಣಿದಿದ್ದರೂ, ತೋಪಿನ ನಳಿಗೆಯನ್ನು ಶುಚಿಮಾಡು. ಇವನ್ನು ಆಜ್ಞೆಯ ಭಾಷೆಯಿಂದ ಬಿಡಿಸಿ, ಸಿಪಾಯಿಗಳು ತಮ್ಮತಮ್ಮಲ್ಲಿ ಆಡುವ ಮಾತಿಗೆ, ನಗೆಗೆ ತಂದದ್ದು ಐಸ್ನರ್ ಅವರ ಸಾಧನೆ. ಓದುಗನನ್ನು ಸೆಳೆಯಲು ಕಾನಿ ರಾಡ್ ಎಂಬ ಪಾತ್ರದ ಮೈಮಾಟವನ್ನು ಬಳಸಿಕೊಂಡದ್ದನ್ನು ಇಂದು ನಾವು ಒಪ್ಪಲಾರೆವು. ಪತ್ರಿಕೆಯೂ ಕಾಲಕ್ರಮದಲ್ಲಿ ಆ ಚಿತ್ರಣವನ್ನು ಬದಲಿಸಿತು.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಕೈಪಿಡಿಯನ್ನು ಬರಹವೆಂದು ಎಣಿಸುವುದೇ ಇಲ್ಲ. ಆದರೆ ಓದಿದವನ ಜೀವ ಉಳಿಯುವುದೋ ಇಲ್ಲವೋ ಎಂಬ ಪರೀಕ್ಷೆಗೆ ಒಳಗಾಗುವ ಗದ್ಯ ಎಷ್ಟಿದೆ? ಕೆಟ್ಟ ಬೆಲ್ಟಿನ ಕಥೆ ಚಿಂಜುವಿನಿಂದಾಗಿ ದಾಖಲೆಗೆ ಬಂತು. ಯಾರೋ ಒಬ್ಬ ಸಿಪಾಯಿ ಒಂದು ಬೆಳಗ್ಗೆ ಚಿತ್ರಪುಟ ನೋಡಿ, ಬೆಲ್ಟನ್ನು ಬೆರಳಿನಿಂದ ಒತ್ತಿ, ಬದಲಿಸಿ, ಸಂಜೆ ಸುಖವಾಗಿ ಮರಳಿದ್ದರೆ ಆ ಸಂಗತಿ ಯಾವ ಇತಿಹಾಸಕ್ಕೂ ಸೇರುವುದಿಲ್ಲ.