ಬಳ್ಳಿಗಾವೆಯ ಕೋಡಿಯ ಮಠ

ದಾನವೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಕೊಡುವ ಒಂದು ಕೈ, ಬೇಡುವ ಇನ್ನೊಂದು ಕೈ. ಹಸಿದವನಿಗೆ ಅನ್ನವಿಕ್ಕಿದರೆ ಆ ಹೊತ್ತಿನ ಹಸಿವು ಅಡಗುತ್ತದೆ. ಕೊಟ್ಟವನಿಗೆ ಪುಣ್ಯವೂ ಉಂಟೆಂದು ಹಿರಿಯರು ಹೇಳುತ್ತಾರೆ. ಆದರೆ ಒಂದು ಧರ್ಮಸಂಸ್ಥೆಯು ತಲೆಮಾರುಗಳ ಕಾಲ ಒಂದು ಊರಿನಲ್ಲಿ ನೆಲೆನಿಂತರೆ ಆ ಊರಿನ ಬಾಳಿಗೆ ಅದರಿಂದ ಏನು ಬಂದಿತು? ಕೊಟ್ಟವನ ಪುಣ್ಯವನ್ನು ಅಳೆಯುವುದು ಚರಿತ್ರಕಾರನ ಕೆಲಸವಲ್ಲ. ಪಡೆದ ಸಮಾಜಕ್ಕೆ ಒದಗಿದ ಫಲವನ್ನು ವಿಚಾರಿಸುವುದು ಅವನ ಕೆಲಸ. ಈ ವಿಚಾರಕ್ಕೆ ಬಳ್ಳಿಗಾವೆಯ ಕೋಡಿಯ ಮಠವು ಒಂದು ಉತ್ತಮವಾದ ನಿದರ್ಶನವಾಗಿದೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಇಂದು ಒಂದು ಹಳ್ಳಿ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಅದು ಬನವಾಸಿ ಪನ್ನಿರ್ಛಾಸಿರವೆಂಬ ದೊಡ್ಡ ನಾಡಿಗೆ ರಾಜಧಾನಿಯಾಗಿತ್ತು. ವರ್ತಕರೂ ಅಧಿಕಾರಿಗಳೂ ವಿದ್ವಾಂಸರೂ ಅಲ್ಲಿ ನೆರೆದಿದ್ದರು. ಶಿವಾಲಯಗಳಿದ್ದವು, ವಿಷ್ಣುವಿನ ಗುಡಿಗಳಿದ್ದವು, ಜಿನಾಲಯಗಳಿದ್ದವು. 1065ರಲ್ಲಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿದ ಸಂಗತಿಯೂ ಅಲ್ಲಿಯ ಶಾಸನದಿಂದಲೇ ತಿಳಿದುಬರುತ್ತದೆ. ಈ ಊರಿನ ಕೆರೆಯ ಬಳಿ ಇರುವ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದುದೇ ಕೋಡಿಯ ಮಠ. ಕಾಳಾಮುಖ ಶೈವರು ಇದರ ಆಚಾರ್ಯರು. ದೇವಾಲಯವು ಇಂದಿಗೂ ನಿಂತಿದೆ. ಮಠದ ಬಾಳನ್ನು ನಾವು ಕಲ್ಲಿನ ಮೇಲಿನ ಬರೆಹದಿಂದ ತಿಳಿಯಬೇಕಾಗಿದೆ. ಆ ಶಾಸನಗಳನ್ನು ರೈಸ್ ಸಾಹೇಬರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು.

ಕಳಚುರ್ಯ ಬಿಜ್ಜಳನ ಕಾಲದ 1162ರ ಶಾಸನವು ಮಠದಲ್ಲಿ ನಡೆಯುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಎಣಿಸುತ್ತದೆ. ನಾಲ್ಕು ವೇದಗಳನ್ನೂ ಅವುಗಳ ಅಂಗಗಳನ್ನೂ ಓದುವ ಸ್ಥಾನ ಅದು. ಪಾಣಿನಿಯದೇ ಮೊದಲಾದ ಹಲವು ವ್ಯಾಕರಣಗಳನ್ನು ಅಲ್ಲಿ ವ್ಯಾಖ್ಯಾನಿಸುತ್ತಿದ್ದರು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನಕ್ಕೂ ಅಲ್ಲಿ ಎಡೆಯಿತ್ತು. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳೂ ನಡೆಯುತ್ತಿದ್ದವು. ಇಷ್ಟಕ್ಕೇ ನಿಂತಿದ್ದರೆ ಅದೊಂದು ದೊಡ್ಡ ವಿದ್ಯಾಪೀಠವೆಂದು ಹೇಳಿ ಮುಗಿಸಬಹುದಾಗಿತ್ತು. ಶಾಸನವು ಅಲ್ಲಿಗೆ ನಿಲ್ಲುವುದಿಲ್ಲ. ಬಡವರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆಲ್ಲ ಅದು ಅನ್ನದ ಸ್ಥಾನ. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೆ ಹಾಗೆಯೇ. ನಾನಾ ದೇಶಗಳಿಂದ ಬಂದ ಜೈನ ಕ್ಷಪಣಕರಿಗೂ ಏಕದಂಡಿ, ತ್ರಿದಂಡಿ ಸಂನ್ಯಾಸಿಗಳಿಗೂ ಹಾಗೆಯೇ. ದಿಕ್ಕಿಲ್ಲದ ರೋಗಿಗಳಿಗೆ ಅಲ್ಲಿ ಚಿಕಿತ್ಸೆ ದೊರೆಯುತ್ತಿತ್ತು. ಕೊನೆಯದಾಗಿ, ಸಕಲ ಪ್ರಾಣಿಗಳಿಗೂ ಅದು ಅಭಯದ ಸ್ಥಾನವೆಂದು ಹೇಳಿದೆ.

ಈ ಪಟ್ಟಿಯಲ್ಲಿ ನಾವು ಗಮನಿಸಬೇಕಾದ ವಿಶೇಷವೇನೆಂದರೆ, ಪಂಡಿತನೂ ಕುರುಡನೂ ನಟನೂ ರೋಗಿಯೂ ಒಂದೇ ಬಾಗಿಲಿನಿಂದ ಒಳಗೆ ಬಂದರು. ವಿದ್ವಾಂಸರಿಗೆ ಮಾತ್ರ ಮೀಸಲಾದ ಬ್ರಹ್ಮಪುರಿಗಳೂ ಅಗ್ರಹಾರಗಳೂ ಅಂದಿನ ನಾಡಿನಲ್ಲಿ ಬೇಕಾದಷ್ಟಿದ್ದವು. ದಾರಿಹೋಕರ ಬಾಯಾರಿಕೆಗೆ ಅರವಟ್ಟಿಗೆಗಳಿದ್ದವು. ಕೋಡಿಯ ಮಠದಲ್ಲಿ ಈ ಬೇರೆ ಬೇರೆ ಧರ್ಮಗಳು ಒಂದೇ ಸೂರಿನಡಿ ಕೂಡಿದವು. ದೂರದೇಶದಿಂದ ಓದಲು ಬಂದ ತರುಣನು ಅನ್ನಕ್ಕಾಗಿ ಕಾದಿರುವ ಅನಾಥನನ್ನು ದಿನವೂ ಕಾಣುತ್ತಿದ್ದನು. ಎರಡು ಹೊತ್ತಿನ ಊಟಕ್ಕೆ ಬಂದವನ ಕಿವಿಗೆ ಪುರಾಣದ ನಾಲ್ಕು ಮಾತು ಬೀಳುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಬರೆದಿಡಲಾಗದ ಲಾಭವಿದು.

ಇದೆಲ್ಲಕ್ಕೆ ಹಣವೆಲ್ಲಿಂದ ಬಂದಿತು? ಅರಸರೂ ಅಧಿಕಾರಿಗಳೂ ಆಚಾರ್ಯರ ಕಾಲು ತೊಳೆದು, ಧಾರೆಯೆರೆದು, ಊರುಗಳನ್ನೂ ಭೂಮಿಯನ್ನೂ ಬಿಟ್ಟರು. ಇಂತಹ ದತ್ತಿಗಳ ಉದ್ದೇಶವನ್ನು ಅಂದಿನ ಶಾಸನಗಳು ಬಿಡಿಸಿ ಹೇಳುತ್ತವೆ. ದೇವರ ಪೂಜೆಗೆ ಅಂಗಭೋಗ, ಗೀತನೃತ್ಯಗಳಿಗೆ ರಂಗಭೋಗ, ತಪೋಧನರ ಆಹಾರದಾನ, ವಿದ್ಯಾದಾನ, ಜೊತೆಗೆ ಒಡೆದು ಬಿರುಕುಬಿಟ್ಟುದನ್ನು ಸರಿಪಡಿಸುವ ಖಂಡಸ್ಫುಟಿತ ಜೀರ್ಣೋದ್ಧಾರ. ಕಟ್ಟಡವು ಮುಂದೆ ಬಿರುಕುಬಿಡುತ್ತದೆಂಬ ಎಚ್ಚರಿಕೆಯನ್ನು ದಾನ ಕೊಡುವ ದಿನವೇ ಇಟ್ಟುಕೊಂಡ ವಿವೇಕ ಮೆಚ್ಚತಕ್ಕದ್ದು. ಗದ್ದೆಯಿಂದ ಬಂದ ಭತ್ತವು ಅನ್ನವಾಗಿ, ಪಾಠವಾಗಿ, ಔಷಧವಾಗಿ ಊರಿಗೇ ಹಿಂದಿರುಗುತ್ತಿತ್ತು.

ಆಡಳಿತದ ಹೊಣೆಯೂ ಸುಲಭವಾಗಿರಲಿಲ್ಲ. ಚಾಲುಕ್ಯ ಮೂರನೆಯ ಸೋಮೇಶ್ವರನ ಕಾಲದ 1129ರ ಶಾಸನವು ಒಂದು ಸ್ವಾರಸ್ಯವಾದ ಸಂಗತಿಯನ್ನು ತಿಳಿಸುತ್ತದೆ. ಆಗ ವಿದ್ಯಾಭರಣನೆಂಬ ಮಹಾವಿದ್ವಾಂಸನು ಮಠಕ್ಕೆ ಒಡೆಯನಾಗಿದ್ದನು. ಮಠದ ಕಾರ್ಯಭಾರವು ತನ್ನ ವಿದ್ಯಾನಂದಕ್ಕೆ ಅಡ್ಡಿಯಾಗುವುದೆಂದು ಎಣಿಸಿ, ಅವನು ಆ ಭಾರವನ್ನು ಹಿರಿಯ ಶಿಷ್ಯನಾದ ಗೌತಮನಿಗೆ ಒಪ್ಪಿಸಿದನು. ಪಾಂಡಿತ್ಯವೂ ಆಡಳಿತವೂ ಬೇರೆ ಬೇರೆ ಶಕ್ತಿಗಳೆಂದು ಅರಿತು, ಪೀಠದ ಆಸೆಯನ್ನು ತೊರೆದ ಈ ಆಚಾರ್ಯನ ನಡತೆಯು ಧರ್ಮಸಂಸ್ಥೆಗಳನ್ನು ನಡೆಸುವವರಿಗೆ ಇಂದಿಗೂ ಪಾಠವಾಗಿದೆ.

ಚಾಲುಕ್ಯರು ಪೋಷಿಸಿದ ಈ ಮಠವನ್ನು, ಅವರ ಸಿಂಹಾಸನವನ್ನೇ ಕಿತ್ತುಕೊಂಡ ಬಿಜ್ಜಳನು ಪೋಷಿಸಿದನು. ಕಳಚುರ್ಯರು ಅಳಿದ ಮೇಲೆ ಹೊಯ್ಸಳರೂ ಪೋಷಿಸಿದರು. ರಾಜ್ಯಕ್ಕಾಗಿ ಒಬ್ಬರನ್ನೊಬ್ಬರು ಕಾದಿದವರು ಒಂದೇ ಧರ್ಮಕ್ಕೆ ಕೈಯಾಸರೆ ಕೊಟ್ಟರು. ಮಠವು ಅಷ್ಟು ಆಳವಾಗಿ ಊರಿನ ಬಾಳಿನಲ್ಲಿ ಬೇರುಬಿಟ್ಟಿತ್ತು. ಅದನ್ನು ಕೆಡಿಸಿದರೆ ನಾಡೇ ಮುನಿಯುವುದೆಂದು ಹೊಸ ಅರಸನು ತಿಳಿದಿರಬೇಕು.

ಇಲ್ಲಿ ಎರಡು ಮಾತುಗಳನ್ನು ಮರೆಯಬಾರದು. ಶಾಸನವು ಹೊಗಳಿಕೆಯ ಬರೆಹ; ಅದು ಎಣಿಸುವುದೆಲ್ಲ ದಿನದಿನವೂ ಕುಂದಿಲ್ಲದೆ ನಡೆಯಿತೆಂದು ನಂಬುವುದು ಸಲ್ಲದು. ಆದರೂ ಧರ್ಮಸಂಸ್ಥೆ ಹೇಗಿರಬೇಕೆಂದು ಆ ಕಾಲದ ಜನ ಬಯಸಿದರೆಂಬುದಕ್ಕೆ ಅದು ಸಾಕ್ಷಿ. ಎರಡನೆಯದಾಗಿ, ಕಲ್ಲಿನ ಮೇಲೆ ಅರಸನ ಹೆಸರಿದೆ. ಭತ್ತವನ್ನು ಬೆಳೆದ ಒಕ್ಕಲಿನ ಹೆಸರಿಲ್ಲ. ಅರಮನೆಗೆ ಸಲ್ಲುತ್ತಿದ್ದ ತೆರಿಗೆ ಮಠಕ್ಕೆ ಸಂದಿತೇ ಹೊರತು ನೇಗಿಲಿನ ಮೇಲಿನ ಭಾರ ಇಳಿಯಲಿಲ್ಲ. ಆದುದರಿಂದ ಮಠದ ಬೆಲೆಯನ್ನು ಕಟ್ಟುವಾಗ, ಆ ಒಕ್ಕಲು ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡು ಬಂದರೆ ಅವನಿಗೆ ಅಲ್ಲಿ ಅನ್ನವಿತ್ತೇ ಎಂದು ಕೇಳಬೇಕು. 1162ರ ಕಲ್ಲು ಇತ್ತೆಂದು ಹೇಳುತ್ತದೆ. ಕೋಡಿಯ ಮಠದ ನಿಜವಾದ ಹಿರಿಮೆ ಅದೇ.

ನಮ್ಮ ದಾನಶಾಸನಗಳ ಕೊನೆಯಲ್ಲಿ ಕೊಡುವುದಕ್ಕಿಂತ ಕೊಟ್ಟುದನ್ನು ಕಾಯುವುದು ಹೆಚ್ಚೆಂಬ ಅಭಿಪ್ರಾಯವು ಮತ್ತೆ ಮತ್ತೆ ಬರುತ್ತದೆ. ಓದುಗರು ಇದನ್ನು ವಾಡಿಕೆಯ ಮಾತೆಂದು ದಾಟಿಹೋಗುವುದುಂಟು. ಬಳ್ಳಿಗಾವೆಯ ಚರಿತ್ರೆಯನ್ನು ನೋಡಿದರೆ ಅದು ಅನುಭವದ ಮಾತೆಂದು ತೋರುತ್ತದೆ. ಕೊಡುವುದು ಒಬ್ಬ ಅರಸನ ಒಂದು ದಿನದ ಕೆಲಸ; ಕಾಯುವುದು ಆಚಾರ್ಯನ, ಲೆಕ್ಕಿಗನ, ಅಡಿಗೆಯವನ, ಒಕ್ಕಲಿನ, ಊರ ಮಹಾಜನರ ಪ್ರತಿದಿನದ ಕೆಲಸ. ಕಾಯುವ ಜನ ಇಲ್ಲವಾದಾಗ ಆ ಅಡಿಗೆಮನೆಯ ಒಲೆಯೂ ಆರಿತು. ನಮ್ಮ ಪಟ್ಟಣಗಳಲ್ಲಿ ಛತ್ರ, ಅನಾಥಾಲಯ, ವಿದ್ಯಾರ್ಥಿನಿಲಯಗಳಿಗೆ ದತ್ತಿ ಬಿಟ್ಟ ಪುಣ್ಯವಂತರ ಹೆಸರುಗಳು ಗೋಡೆಗಳ ಮೇಲೆ ಕೆತ್ತಿವೆ. ಅವುಗಳ ಲೆಕ್ಕವನ್ನು ನೋಡುವವರು ಯಾರು, ಬಾಗಿಲು ಯಾರಿಗೆ ತೆರೆದಿದೆ ಎಂದು ವಿಚಾರಿಸುವ ಹೊಣೆ ಮಾತ್ರ ನಮ್ಮೆಲ್ಲರದು.